ಒಂಬತ್ತನೇ ದಿನದ ತಾಯಿತ

“ಅದ್ರ ಬಾಯಿ ಯಾರು ತೆಗೆದದ್ದು?”

ಬಂಗಾರಮ್ಮನ ಬಾಯಿಂದ ಬಂದ ಮೊದಲ ಮಾತು ಅದು. ಮಗಳು ಅರುಣಾ ನಾಲ್ಕು ತಿಂಗಳ ಮೇಲೆ ಜಗಳೂರಿನ ತವರುಮನೆಗೆ ಬಂದು ಎದುರಿಗೇ ನಿಂತಿದ್ದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ರವಿಕೆ ಭುಜದ ಮೇಲೆ ಸಡಿಲಾಗಿತ್ತು. ಅದನ್ನೆಲ್ಲ ಬಿಟ್ಟು ಮುದುಕಿಯ ಕಣ್ಣು ನಾನು ಚಾಪೆಯ ಮೇಲಿಟ್ಟ ಬೆಳ್ಳಿ ತಾಯಿತಕ್ಕೆ ಅಂಟಿಕೊಂಡಿತು.

“ನಾನೇ ತೆಗೆಸಿದೆ,” ಎಂದೆ. “ನನ್ನ ಹೆಸರು ಸಂಧ್ಯಾರಾಣಿ. ಹೊನ್ನಾಳಿ ಕೋರ್ಟಿನ ಎದುರು ಕೂತು ವಕೀಲರಿಗೆ ಪತ್ತೆ ಕೆಲಸ ಮಾಡಿಕೊಡ್ತೀನಿ. ಕೂತ್ಕೊಳ್ರಿ ಬಂಗಾರಮ್ಮ, ನಿಂತು ಕೇಳೋ ಮಾತಲ್ಲ.”

“ಹೊಕ್ಕುಳ ಬಳ್ಳಿ ಇಟ್ಟಿದ್ದ ತಾಯಿತ ಅದು. ಬಾಯಿ ತೆಗೆದ್ರೆ ಕೂಸಿಗೆ ಆಗಿಬರಾಕಿಲ್ಲ.”

“ಯಾವ ಕೂಸಿಗೆ?”

ಅವಳು ಕೂತಳು.

ಹನ್ನೊಂದು ವರ್ಷ ಠಾಣೆಯಲ್ಲಿ ರೈಟರ್ ಆಗಿದ್ದವಳು ನಾನು. ಜನರ ಹೇಳಿಕೆ ಬರೆದು ಬರೆದು ಬೆರಳು ಗಂಟು ಕಟ್ಟಿದೆ. ಒಳ್ಳೆಯ ಮಾತಿನಲ್ಲಿ ಕೇಳಿ ಸತ್ಯ ಸಿಕ್ಕ ನೆನಪು ಎರಡೋ ಮೂರೋ ಸಲದ್ದು ಮಾತ್ರ. ಹಾಗಾಗಿ ಇವತ್ತು ಕೆಟ್ಟವಳಾಗಲು ತಯಾರಾಗಿಯೇ ಬಂದಿದ್ದೆ.

ಅರುಣಾಳ ಗಂಡ, ನ್ಯಾಮತಿಯ ಮಹಾಂತೇಶ್, ಹೆಂಡತಿ ನಡತೆಗೆಟ್ಟವಳೆಂದು ವಿಚ್ಛೇದನ ಕೇಳಿದ್ದ. ಕೋರ್ಟು ಅವನ ಮತ್ತು ಐದು ವರ್ಷದ ಮಗಳು ಮೇಘಶ್ರೀಯ ರಕ್ತ ತೆಗೆಸಿ ಡಿಎನ್‌ಎ ಪರೀಕ್ಷೆ ಮಾಡಿಸಿತು. ಮಗು ಅವನದಲ್ಲ ಎಂದು ವರದಿ ಬಂತು. ಆ ವರದಿಯ ಫೋಟೊ ನ್ಯಾಮತಿಯ ಮೊಬೈಲುಗಳಲ್ಲಿ ಮದುವೆ ಕರೆಯೋಲೆಗಿಂತ ಬೇಗ ಹಂಚಿಕೆಯಾಯಿತು. ಅರುಣಾ ಮಗಳನ್ನು ಕಟ್ಟಿಕೊಂಡು ಹೊನ್ನಾಳಿಯಲ್ಲಿ ಬಾಡಿಗೆಗಿದ್ದ ಕೋಣೆಯ ಬಾಗಿಲಿಗೆ ಯಾರೋ ಹಳೇ ಚಪ್ಪಲಿ ನೇತುಹಾಕಿ ಹೋದರು.

ಅವಳು ಮಗುವಿನ ತಲೆ ಮುಟ್ಟಿ ಆಣೆ ಮಾಡಿದಳು. ನಾನು ನಂಬಿದೆ. ನಂಬಿದ ಮೇಲೆ ಉಳಿದದ್ದು ಒಂದೇ ಪ್ರಶ್ನೆ, ಅದನ್ನು ಕೋರ್ಟಿನಲ್ಲಿ ಯಾರೂ ಎತ್ತಿರಲಿಲ್ಲ. ಅಪ್ಪ ಯಾರೆಂದು ಊರಿಗೆಲ್ಲ ಅನುಮಾನ. ತಾಯಿಯ ರಕ್ತವನ್ನೂ ತೆಗೆಸಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.

ಅರುಣಾ ಮೇಘಾಳಿಗೆ ಸ್ನಾನ ಮಾಡಿಸುವಾಗ ಮಗುವಿನ ಉಡಿದಾರದಲ್ಲಿ ಈ ತಾಯಿತ ಕಂಡಿದ್ದೆ. ಕೂಸಿನ ಹೊಕ್ಕುಳ ಬಳ್ಳಿಯ ತುಂಡು ಒಣಗಿ ಬಿದ್ದಾಗ ಎಸೆಯದೆ, ಬೆಳ್ಳಿ ತಾಯಿತದೊಳಗಿಟ್ಟು, ಬಾಯಿಗೆ ಅರಗು ಮೆತ್ತಿ ಉಡಿದಾರಕ್ಕೆ ಕಟ್ಟುವ ಅಜ್ಜಿಯರು ಈ ಕಡೆ ಇನ್ನೂ ಇದ್ದಾರೆ. ಆ ಒಣ ತುಂಡಿನಲ್ಲಿ ಡಿಎನ್‌ಎ ಉಳಿದಿರುತ್ತದೆಂದು ಯಾವ ಅಜ್ಜಿಗೆ ಗೊತ್ತು? ಅದನ್ನೂ ಅರುಣಾಳ ಎಂಜಲನ್ನೂ ಬೆಂಗಳೂರಿನ ಒಂದು ಖಾಸಗಿ ಲ್ಯಾಬಿಗೆ ಕಳಿಸಿದೆ. ಜೊತೆಗೆ ಕೋರ್ಟಿನ ವರದಿಯ ಪ್ರತಿ ಇಟ್ಟೆ. ಮಹಾಂತೇಶನ, ಮೇಘಾಳ ಅಂಕಿಗಳೆಲ್ಲ ಅದರಲ್ಲೇ ಇದ್ದವು. ಉತ್ತರ ನಿನ್ನೆ ಸಂಜೆ ಬಂತು.

ಅದರಲ್ಲೇನಿದೆ ಎಂದು ಅರುಣಾಗೆ ನಾನು ಹೇಳಿರಲಿಲ್ಲ. ಬೆಳಿಗ್ಗೆ ಮೇಘಾಳನ್ನು ಶಾಲೆಗೆ ಬಿಟ್ಟು, ನಾಲ್ಕಕ್ಕೆ ಕರೆತನ್ನಿ ಎಂದು ಪಕ್ಕದ ಮನೆಯವರಿಗೆ ಹೇಳಿ ನನ್ನ ಕಾರು ಹತ್ತಿದವಳು ದಾವಣಗೆರೆ ದಾಟುವುದರೊಳಗೆ ಮೂರು ಸಲ ಕೇಳಿದಳು. ಹೇಳಿದ್ದರೆ ದಾರಿಯಲ್ಲೇ ಅತ್ತು ಮುಗಿಸುತ್ತಿದ್ದಳು. ಆ ಅಳು ನನಗೆ ಈ ಮನೆಯಲ್ಲಿ, ಈ ಮುದುಕಿಯ ಎದುರಿಗೆ ಬೇಕಿತ್ತು. ಪಾಪದ ಕೆಲಸವೆಂದು ಗೊತ್ತಿದ್ದೇ ಮಾಡಿದೆ.

ದಾರಿಯುದ್ದಕ್ಕೂ ಅವಳ ಬಾಯಲ್ಲಿ ಒಂದೇ ಕತೆ. “ಅವತ್ತು ಸಿಂಚನಾಗೆ ಹೊಡೀದೇ ಇದ್ದಿದ್ರೆ ಇದ್ಯಾವ್ದೂ ಆಗ್ತಿರ್ಲಿಲ್ಲ ಅಕ್ಕ.”

ಸಿಂಚನಾ ಅವಳ ನಾದಿನಿಯ ಮಗಳು. ಚನ್ನಗಿರಿ ಕಡೆಯ ನಲ್ಲೂರಿನವಳು, ಮೇಘಾಳದೇ ವಯಸ್ಸು. ನ್ಯಾಮತಿಯ ಅಜ್ಜಿ ಮನೆಗೆ ಬಂದಿದ್ದಾಗ ಆಟದಲ್ಲಿ ಮುನಿದು ಮೇಘಾಳ ಎದೆಗೆ ಸೌಟಿನಿಂದ ಹೊಡೆದಿದ್ದಳು. ಮೇಘಾಳ ಎದೆಯೆಂದರೆ ನಡುವೆ ಗೇಣುದ್ದದ ಹೊಲಿಗೆ ಗುರುತು. ಹುಟ್ಟಿದಾಗಲೇ ಹೃದಯದಲ್ಲಿ ತೂತಿದ್ದ ಮಗು, ಎರಡು ವರ್ಷವಾದಾಗ ಆಪರೇಷನ್ ಆಗಿತ್ತು. ಅರುಣಾಗೆ ತಲೆ ಕೆಟ್ಟಿತು. ಸಿಂಚನಾಳ ಕೆನ್ನೆಗೆ ಐದು ಬೆರಳು ಮೂಡುವ ಹಾಗೆ ಬಾರಿಸಿದಳು.

ಅತ್ತೆ ಕಸ್ತೂರಮ್ಮ ಸಿಂಚನಾಳನ್ನು ಎತ್ತಿಕೊಂಡು, ಸೊಸೆಯ ಬ್ಯಾಗನ್ನು ಬೀದಿಗೆ ಎಸೆದಳು. ತಿಂಗಳು ತುಂಬುವುದರೊಳಗೆ ಮಹಾಂತೇಶ್ ಕೋರ್ಟಿನಲ್ಲಿದ್ದ.

ನಾನು ಬ್ಯಾಗಿನಿಂದ ವರದಿ ತೆಗೆದೆ.

“ಅರುಣಾ, ನಿನ್ನ ಅವ್ವನ ಎದುರಿಗೆ ಇನ್ನೊಂದು ಸಲ ಹೇಳು. ಮೇಘಾಳ ಹೊಕ್ಕುಳ ಬಳ್ಳಿ ಬಿದ್ದದ್ದು ಯಾವಾಗ?”

“ಒಂಬತ್ತನೇ ದಿನ. ಇದೇ ಮನೆಯಾಗೆ. ಅವ್ವ ಅರಿಶಿಣದ ಬಟ್ಟೆಯಾಗೆ ಸುತ್ತಿಟ್ಲು. ಮರುದಿನ ತಾಯಿತ ಮಾಡಿಸಿ, ನನ್ನ ಕಣ್ಮುಂದೇನೇ ಹಾಕಿ ಅರಗು ಮೆತ್ತಿದ್ಲು.”

“ಆಮೇಲೆ?”

“ಹನ್ನೆರಡನೇ ದಿನ ನನಗೆ ಜ್ವರ ಬಂತು. ನಂಜು ಏರೈತೆ ಅಂತ ದಾವಣಗೆರೆಯಾಗೆ ಎಂಟು ದಿನ ಆಸ್ಪತ್ರೆಗೆ ಹಾಕಿದ್ರು. ಮೈಮ್ಯಾಲೆ ಜ್ಞಾನ ಇರ್ಲಿಲ್ಲ. ಕೂಸು ಅವ್ವನ ಹತ್ರ ಇತ್ತು.”

ಬಂಗಾರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದ್ದಳು.

“ಈ ತಾಯಿತದೊಳಗಿನ ಬಳ್ಳಿ ಯಾವ ಕೂಸಿನದೋ ಆ ಕೂಸಿಗೆ ತಾಯಿ ಅರುಣಾ,” ನಾನು ಓದಿದೆ. “ತಂದೆ ಮಹಾಂತೇಶ್. ಇದರಲ್ಲಿ ಅನುಮಾನವೇ ಇಲ್ಲ.”

ಅರುಣಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ನಾಲ್ಕು ತಿಂಗಳಲ್ಲಿ ಅವಳ ಮುಖಕ್ಕೆ ಕಳೆ ಬಂದದ್ದು ಅದೇ ಮೊದಲು. “ನಾನು ಹೇಳಿರ್ಲಿಲ್ವಾ ಅಕ್ಕ? ದೇವ್ರು ಅದಾನೆ. ಈ ಹಾಳೆ ತಗೊಂಡೋಗಿ ಅವರ ಮುಖಕ್ಕೆ ಹಿಡೀರಿ.”

ಅವಳು ನಗುತ್ತಿರುವಾಗಲೇ ನಾನು ಮುಂದಿನ ಸಾಲು ಓದಿದೆ.

“ಮೇಘಶ್ರೀ ಬೇರೆ ಕೂಸು. ಅವಳಿಗೆ ಮಹಾಂತೇಶ್ ತಂದೆಯಲ್ಲ. ಅರುಣಾ ತಾಯಿಯೂ ಅಲ್ಲ.”

ನಗು ತಕ್ಷಣ ಹೋಗಲಿಲ್ಲ. ತುಟಿಯ ಮೇಲೆ ಹಾಗೇ ಸ್ವಲ್ಪ ಹೊತ್ತು ನಿಂತಿತ್ತು, ನೋಡಲಾಗಲಿಲ್ಲ.

“ಏನಕ್ಕಾ ನೀವು. ಹಡೆದೋಳು ನಾನು. ಮೂರು ವರ್ಷ ಮೊಲೆ ಕುಡಿಸೀನಿ. ಆಪರೇಷನ್ ಆದಾಗ ಹತ್ತೊಂಬತ್ತು ದಿನ ಆಸ್ಪತ್ರೆ ನೆಲದ ಮ್ಯಾಲೆ ಮಲಗೀನಿ. ನಾನು ತಾಯಿ ಅಲ್ಲಂದ್ರೆ ಇನ್ಯಾರು?”

“ಅದನ್ನ ನಿನ್ನ ಅವ್ವ ಹೇಳಬೇಕು.”

ಬಂಗಾರಮ್ಮ ಮೊದಲು ಗೊಣಗಿದಳು. “ಆ ತಾಯಿತ ಮೇಘಾಂದಲ್ರೀ. ಅರುಣಾಂದೇ ಇರ್ಬೇಕು. ಆಕೆ ಕೂಸಿದ್ದಾಗಿಂದು.”

“ಹಾಗಾದ್ರೆ ಅರುಣಾಳ ಅಪ್ಪ ಮಹಾಂತೇಶ್ ಆಗ್ತಾನೆ. ನಿಮ್ಮ ಅಳಿಯ ಅಷ್ಟು ದೊಡ್ಡವನಾ?”

ಮುದುಕಿ ಮುಖ ತಿರುಗಿಸಿದಳು. “ಆಸ್ಪತ್ರೆಯೋರು ಅದ್ಲುಬದ್ಲು ಮಾಡಿರ್ತಾರೆ.”

“ಆಸ್ಪತ್ರೆಯಿಂದ ಮೂರನೇ ದಿನ ಮನೆಗೆ ಬಂದಿದ್ರಿ. ಬಳ್ಳಿ ಬಿದ್ದದ್ದು ಒಂಬತ್ತನೇ ದಿನ, ಈ ಮನೆಯಲ್ಲಿ. ಅಲ್ಲೀವರೆಗೆ ಅರುಣಾಳ ಕೂಸು ಇಲ್ಲೇ ಇತ್ತು ಅಂತ ತಾಯಿತಾನೇ ಹೇಳ್ತೈತೆ. ಅವಳು ದಾವಣಗೆರೆಯಿಂದ ವಾಪಸ್ ಬರೋದ್ರೊಳಗೆ ತೊಟ್ಟಿಲಲ್ಲಿ ಬೇರೆ ಕೂಸಿತ್ತು. ಆ ಎಂಟು ದಿನ ತೊಟ್ಟಿಲು ತೂಗಿದ್ದು ಯಾರು?”

“ಬಾಯಿ ಒಣಗತೈತೆ. ನೀರು ತರ್ತೀನಿ,” ಎಂದು ಬಂಗಾರಮ್ಮ ಒಳಗೆ ಹೋದಳು.

ಗೋಡೆ ಗಡಿಯಾರದಲ್ಲಿ ಎರಡೂವರೆ. ಅರುಣಾ ವರದಿಯನ್ನು ತೊಡೆಯ ಮೇಲಿಟ್ಟುಕೊಂಡು ಅರ್ಥವಾಗದ ಅಂಕಿಗಳನ್ನು ಬೆರಳಿಟ್ಟು ಓದುತ್ತಿದ್ದಳು. ಮುದುಕಿ ಐದಾರು ನಿಮಿಷ ಬರಲಿಲ್ಲ. ಬಂದಾಗ ಕೈಯಲ್ಲಿ ನೀರಿನ ಚೊಂಬಿರಲಿಲ್ಲ. ನಾನು ಅದನ್ನು ನೋಡಿದೆ, ಗಾಬರಿಯಲ್ಲಿ ಮರೆತಿದ್ದಾಳೆ ಎಂದುಕೊಂಡೆ. ಹನ್ನೊಂದು ವರ್ಷದ ಠಾಣೆಯ ಅನುಭವಕ್ಕೆ ಇಷ್ಟು ಬೆಲೆ.

“ಸತ್ತೋತು,” ಎಂದಳು ಬಂಗಾರಮ್ಮ, ಬಾಗಿಲ ಚೌಕಟ್ಟಿಗೆ ಒರಗಿ. “ನೀನು ಆಸ್ಪತ್ರೆಯಾಗಿದ್ದಾಗ ಕೂಸು ಸತ್ತೋತು ಅರುಣಾ. ಮಧ್ಯಾಹ್ನ ನೀರು ಹಾಕಿ, ಹೊಗೆ ಹಾಕಿ ಮಲಗಿಸಿದ್ದೆ. ಎದ್ದೇಳಲಿಲ್ಲ. ನಿನಗೆ ಹೇಳಿದ್ರೆ ನೀನೂ ಉಳಿಯಾಕಿಲ್ಲ ಅಂತ ಬಸ್ ಸ್ಟ್ಯಾಂಡಿನಾಗೆ ಯಾರೋ ದಿಕ್ಕಿಲ್ಲದೋಳು ಬಿಟ್ಟ ಕೂಸನ್ನ ತಂದು ಮಲಗಿಸ್ದೆ.”

ಅರುಣಾಳ ಗಂಟಲಿನಿಂದ ಒಂದು ಸದ್ದು ಬಂತು. ನಾನು ಬಯಸಿ ಕಾದಿದ್ದ ಅಳು ಅದು. ಬಂದಾಗ ಕಿವಿ ಮುಚ್ಚಿಕೊಳ್ಳುವ ಹಾಗಾಯಿತು. ಐದು ವರ್ಷದ ಹಿಂದಿನ ಸಾವಿಗೆ ಅವಳು ಈಗ ಎದೆ ಹೊಡೆದುಕೊಂಡಳು. ಅವ್ವ ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ.

ಅಳು ಇಳಿಯಲು ಬಹಳ ಹೊತ್ತು ಬೇಕಾಯಿತು. ಆಮೇಲೆ ಅರುಣಾ ಸೆರಗಿನಲ್ಲಿ ಮುಖ ಒರೆಸಿಕೊಂಡು ವರದಿಯನ್ನು ನನ್ನ ಕಡೆ ಚಾಚಿದಳು.

“ಇದನ್ನ ಹರೀರಿ ಅಕ್ಕ.”

“ನಾಳೆ ಕೋರ್ಟಿನಲ್ಲಿ ನಿನ್ನ ಹೆಸರು ತೊಳೆಯೋ ಕಾಗದ ಇದು. ಇದೊಂದೇ.”

“ಇದ್ನ ಕೊಟ್ರೆ ಮೇಘಾ ನನ್ನ ಮಗಳಲ್ಲ ಅಂತ ನಾನೇ ಬರಕೊಟ್ಟಂಗಾಗತೈತಲ್ಲ? ಆಕೀನ ಕಿತ್ಕೊಂಡು ಹೋಗ್ತಾರಲ್ಲ?”

“ಮರುಪರೀಕ್ಷೆ ಮಾಡಿಸ್ತಾರೆ. ಹೆತ್ತವರು ಯಾರು ಅಂತ ಹುಡುಕ್ತಾರೆ. ಸಿಕ್ಕಿದರೆ… ಹೌದು, ಮೇಘಾ ನಿನ್ನ ಹತ್ರ ಉಳೀತಾಳೆ ಅಂತ ನಾನು ಹೇಳಾಕೆ ಆಗಲ್ಲ.”

“ಹಂಗಾದ್ರೆ ನಾನು ಹಾದರಗಿತ್ತೀನೇ ಆಗ್ಲಿ,” ಎಂದಳು ಅರುಣಾ. ದನಿ ಗಟ್ಟಿಯಾಗಿತ್ತು. “ಊರು ಉಗೀಲಿ. ಬಾಗಿಲಿಗೆ ದಿನಾ ಒಂದು ಚಪ್ಪಲಿ ಕಟ್ಲಿ. ಮೇಘಾ ನನ್ನ ಹತ್ರ ಇದ್ರೆ ಸಾಕು.”

ಇಂಥ ಹೆಣ್ಣುಮಕ್ಕಳ ಮೇಲೆ ನನಗೆ ಸಿಟ್ಟು ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ವರದಿಯನ್ನು ತೆಗೆದುಕೊಂಡೆ. ಹರಿಯಲಿಲ್ಲ.

“ನಿನ್ನ ಕೂಸು ಸತ್ತಿಲ್ಲ,” ಎಂದೆ.

ಬಂಗಾರಮ್ಮನ ಕೈಬಳೆ ಸದ್ದು ಮಾಡಿತು.

“ಬಂಗಾರಮ್ಮ, ನೀವು ತಾಯಿತದ ಬಾಯಿ ತೆಗೆದದ್ದಕ್ಕೇ ನನ್ನ ಮೇಲೆ ಹಾರಿ ಬಿದ್ರಿ. ಬಾಣಂತಿ ಕೋಣೆಗೆ ಮುಟ್ಟಾದವರ ನೆರಳು ಬೀಳಬಾರದು ಅನ್ನೋ ಹೆಂಗಸು ನೀವು, ಅರುಣಾ ಎಲ್ಲಾ ಹೇಳಿದ್ದಾಳೆ. ಕೂಸು ಸತ್ತರೆ ಅದರ ತಾಯಿತ ಏನು ಮಾಡ್ತಾರೆ ನಿಮ್ಮಲ್ಲಿ?”

ಅವಳು ಸೆರಗನ್ನು ಹೊಟ್ಟೆಗೆ ಒತ್ತಿ ಹಿಡಿದಳು.

“ಅರುಣಾ, ನೀನು ಹೇಳು.”

“ಕೂಸಿನ ಜೊತೆ ಮಣ್ಣಿಗೆ ಹಾಕ್ತಾರೆ,” ಎಂದಳು ಅರುಣಾ ನಿಧಾನವಾಗಿ. “ನನ್ನ ತಮ್ಮ ಹೋದಾಗ ಅವ್ವ ಹಂಗೇ ಮಾಡಿದ್ಲು.”

“ಸತ್ತ ಕೂಸಿನ ತಾಯಿತಾನ ಬದುಕಿರೋ ಕೂಸಿನ ಸೊಂಟಕ್ಕೆ ಕಟ್ಟೋ ಹೆಂಗಸಲ್ಲ ನೀವು. ಸಾಯ್ತೀನಿ ಅಂದ್ರೂ ಕಟ್ಟಲ್ಲ. ಆ ಕೂಸು ಬದುಕೈತೆ ಅಂತ ಗೊತ್ತಿದ್ದಕ್ಕೇ ಬಿಚ್ಚಿ ಇದಕ್ಕೆ ಕಟ್ಟಿದ್ರಿ. ಅರುಣಾ ಬಂದು ತಾಯಿತ ಎಲ್ಲಿ ಅಂತ ಕೇಳ್ತಾಳಲ್ಲ, ಅದಕ್ಕೆ. ಎಸೆದಿದ್ರೆ ಇವತ್ತು ನಾನು ಇಲ್ಲಿ ಕೂತಿರ್ತಿರಲಿಲ್ಲ. ಬಳ್ಳಿ ಎಸೆಯಬಾರದು ಅಂತ ಅದನ್ನೂ ಮಾಡಲಿಲ್ಲ.”

“ಅವ್ವಾ.” ಅರುಣಾ ಎದ್ದು ನಿಂತಳು.

“ಇನ್ನೊಂದು ಐತೆ,” ನಾನು ಬಿಡಲಿಲ್ಲ. “ಮೇಘಾ ಬಸ್ ಸ್ಟ್ಯಾಂಡಿನ ಕೂಸೂ ಅಲ್ಲ. ಮಹಾಂತೇಶ್ ಅವಳ ತಂದೆಯಲ್ಲ, ಆದರೆ ಹತ್ತಿರದ ರಕ್ತ ಅಂತ ಲ್ಯಾಬಿನವರು ಬರೆದಿದ್ದಾರೆ.”

‘ಇರಬಹುದು, ಖಚಿತವಲ್ಲ, ಇನ್ನೊಂದು ಪರೀಕ್ಷೆ ಬೇಕು’ ಎಂದೂ ಬರೆದಿದ್ದರು. ಅದನ್ನು ಓದಿ ಹೇಳಲಿಲ್ಲ.

ಬಂಗಾರಮ್ಮ ಚೌಕಟ್ಟಿಗೆ ಬೆನ್ನು ಜಾರಿಸುತ್ತಾ ನೆಲಕ್ಕೆ ಕುಸಿದಳು. ಮಗಳನ್ನು ನೋಡಲಿಲ್ಲ, ತಾಯಿತವನ್ನೇ ನೋಡುತ್ತಾ ಹೇಳಿದಳು.

“ನಿನ್ನ ಕೂಸು ಚೆನ್ನಾಗೈತೆ ಅರುಣಾ. ನೀನು ಅದನ್ನ ನೋಡೀಯ. ಎಷ್ಟೋ ಸಲ ನೋಡೀಯ. ಅದ್ರ ಕೆನ್ನೆ ಮ್ಯಾಲೆ ನಿನ್ನ ಐದು ಬೆರಳು ಮೂಡಿದ್ವು ಅಂತ ಫೋನಿನಾಗೆ ನೀನೇ ನನಗೆ ಹೇಳಿದ್ದಿ.”

ನನಗೇ ಒಂದು ಕ್ಷಣ ಬೇಕಾಯಿತು. ಅರುಣಾಗೆ ಬೇಕಾಗಲಿಲ್ಲ. ಅವಳು ಬಲಗೈಯನ್ನು ಎತ್ತಿ ಹಿಡಿದು, ಅಂಗೈಯಲ್ಲಿ ಏನೋ ಸುಟ್ಟಿದೆ ಎನ್ನುವಂತೆ ನೋಡಿಕೊಂಡಳು.

“ಸಿಂಚನಾ,” ಎಂದಳು.

“ಬೀಗ್ತಿ ಬಂದಿದ್ಲು,” ಬಂಗಾರಮ್ಮ ಹೇಳುತ್ತಾ ಹೋದಳು. ಒಮ್ಮೆ ಕಟ್ಟೆ ಒಡೆದ ಮೇಲೆ ಜನರಿಗೆ ನಿಲ್ಲಿಸಲು ಬರುವುದಿಲ್ಲ. “ಕಸ್ತೂರಮ್ಮ. ಆಕೆ ಮಗಳೂ ಆಗ ನ್ಯಾಮತಿಯಾಗೆ ತವರಿಗೆ ಬಂದು ಹಡೆದಿದ್ಲಲ್ಲ, ನಿನಗಿಂತ ನಾಕು ದಿನ ಮುಂಚೆ. ಅದಕ್ಕೆ ಮೊದ್ಲು ಎರಡು ಕೂಸು ಹೋಗಿದ್ವು. ಮೂರನೇದಕ್ಕೂ ಎದೆಯಾಗೆ ತೂತು, ಉಳಿಯಾಕಿಲ್ಲ ಅಂದಿದ್ರಂತೆ ಡಾಕ್ಟ್ರು. ಮಗಳಿಗೆ, ಕೂಸನ್ನ ದೊಡ್ಡಾಸ್ಪತ್ರೆಯ ಗಾಜಿನ ಪೆಟ್ಟಿಗೆಯಾಗೆ ಇಡಬೇಕಂತೆ ಅಂತ ಸುಳ್ಳು ಹೇಳಿ ಎತ್ಕೊಂಡು ಇಲ್ಲಿಗೆ ಬಂದ್ಲು. ಈ ಸಲಾನೂ ಬರಿಗೈ ಆದ್ರೆ ನಲ್ಲೂರಿನೋರು ನನ್ನ ಮಗಳನ್ನ ಮನೆ ಬಿಡಿಸ್ತಾರೆ, ನಿನ್ನ ಮಗಳಾದ್ರೆ ಇನ್ನೊಂದು ಹಡೀತಾಳೆ ಅಂದ್ಲು.”

“ನೀನು ಕೊಟ್ಟಿ.”

“ಕೊಡದಿದ್ರೆ ನಿನ್ನ ಮಗಳು ನಮ್ಮ ಹೊಸ್ತಿಲು ತುಳಿಯಾದು ಬ್ಯಾಡ ಅಂದ್ಲು. ಬ್ಯಾರೆ ಜಾತಿಯೋಳು ಅಂತ ನಿನ್ನನ್ನ ದೇವ್ರಕೋಣೆಗೇ ಬಿಟ್ಟಿರ್ಲಿಲ್ಲ. ನಿನ್ನ ಬಾಳು ಉಳೀಲಿ ಅಂತ ಕೊಟ್ಟೆ ಕಣವ್ವ.”

“ನನ್ನ ಬಾಳು,” ಎಂದಳು ಅರುಣಾ. ಆಮೇಲೆ ನಕ್ಕಳು.

ಎರಡು ಬಾಣಂತಿ ಕೋಣೆ, ಎರಡರಲ್ಲೂ ತವರಿನ ಅವ್ವಂದಿರ ಕಾವಲು. ಗಂಡಸರು ತೊಟ್ಟಿಲ ಶಾಸ್ತ್ರಕ್ಕೆ ಬಂದು ಹೋಗುವವರು. ಇನ್ನೇನು ಬೇಕಿತ್ತು? ಸಾಯುವ ಕೂಸನ್ನು ಸೊಸೆಗೆ ಕೊಟ್ಟು ಬದುಕುವ ಕೂಸನ್ನು ಮಗಳಿಗೆ ಕೊಟ್ಟಳು ಕಸ್ತೂರಮ್ಮ. ಸಾಯಬೇಕಾದ ಕೂಸನ್ನು ಸೊಸೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೊತ್ತು ಉಳಿಸಿಕೊಂಡಳು. ಹಾಗೆ ಉಳಿಸಿದವಳು ಅರಿಯದೆ ತನ್ನದೇ ಮಗುವಿಗೆ ಕೈ ಎತ್ತಿದ ದಿನ, ರಕ್ತ ಪರೀಕ್ಷೆ ಮಾಡಿಸು ಎಂದು ಮಗನ ಕಿವಿ ಊದಿದವಳೂ ಇದೇ ಅತ್ತೆ. ಪರೀಕ್ಷೆಯ ಉತ್ತರ ಅವಳಿಗೆ ಐದು ವರ್ಷದಿಂದ ಗೊತ್ತಿತ್ತು. ನನ್ನ ಕೆಲಸದಲ್ಲಿ ಕೊಲೆ ಮಾಡಿದವರನ್ನು ನೋಡಿದ್ದೇನೆ. ಇಷ್ಟು ತಣ್ಣಗಿನ ಕೈ ನೋಡಿರಲಿಲ್ಲ.

“ನಲ್ಲೂರಿಗೆ ಹೋಗಾಣ,” ಎಂದಳು ಅರುಣಾ. ಎರಡು ಹೆಜ್ಜೆ ಇಟ್ಟು ನಿಂತಳು. “ಹೋಗಿ ಏನಂತ ಹೇಳ್ಲಿ ಅಕ್ಕ? ಆ ಮಗು ನನ್ನ ಕಂಡ್ರೆ ಅತ್ತೆಯ ಹಿಂದೆ ಅಡಗತೈತೆ. ಅದನ್ನ ಕೊಡ್ರಿ ಅಂದ್ರೆ, ಮೇಘಾನ ಕೊಡು ಅಂತಾರೆ. ಎರಡರಾಗೆ ಯಾವ್ದನ್ನ ಬಿಡ್ಲಿ?”

ಅವಳ ಫೋನು ಬಡಿದುಕೊಂಡಿತು. ಹೊನ್ನಾಳಿಯ ಶಾಲೆಯ ನಂಬರು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಅವಳು ಫೋನನ್ನು ನನ್ನ ಕಡೆ ಚಾಚಿದಳು. ನಾನೇ ತೆಗೆದುಕೊಂಡು ಕಿವಿಗಿಟ್ಟೆ.

“ಮೇಘಶ್ರೀ ಮಮ್ಮಿನಾ? ಏನಿಲ್ರೀ, ಮಗು ಬ್ಯಾಗು, ನೀರಿನ ಬಾಟ್ಲಿ ಎರಡೂ ಇಲ್ಲೇ ಬಿಟ್ಟು ಹೋಗೈತೆ. ತಗೊಂಡು ಹೋಗ್ರಿ ಅಂತ ಹೇಳಾಕೆ ಮಾಡಿದೆ.”

“ಬಿಟ್ಟು ಹೋಗೈತೆ ಅಂದ್ರೆ? ಎಲ್ಲಿಗೆ?”

“ಅಜ್ಜಿ ಬಂದಿದ್ರಲ್ರೀ, ಕಾರಿನಾಗೆ. ಅರ್ಧ ಗಂಟೆ ಆತು. ಮಗೂನೂ ಅಜ್ಜಿ ಅಂತ ಓಡಿಹೋತು, ಅದಕ್ಕೇ ಕಳಿಸಿದ್ವಿ.”

ನಾನು ಬಂಗಾರಮ್ಮನ ಕಡೆ ತಿರುಗಿದೆ. ಅವಳು ಕಣ್ಣು ತಗ್ಗಿಸಿದಳು. ಸೆರಗಿನ ಮಡಿಲಲ್ಲಿ ಅವಳ ಮೊಬೈಲು ಕಂಡಿತು. ಒಳಗೆ ಹೋದವಳು ನೀರಿನ ಬದಲು ತಂದದ್ದು ಅದನ್ನು.

“ಸಹಿ ಮಾಡಿದ್ದಾರಾ?” ಫೋನಿನಲ್ಲಿ ಕೇಳಿದೆ. “ರಿಜಿಸ್ಟರಿನಲ್ಲಿ ಏನಂತ ಬರೆದಿದ್ದಾರೆ ನೋಡಿ.”

ಪುಟ ತಿರುವಿದ ಸದ್ದು.

“ಹೆಸರು ಕಸ್ತೂರಮ್ಮ. ಮಗುವಿಗೆ ಏನಾಗಬೇಕು ಅನ್ನೋ ಕಡೆ ‘ತಾಯಿಯ ತಾಯಿ’ ಅಂತ ಬರೆದಾರ್ರೀ. ಯಾಕೆ, ತಪ್ಪಾಗೈತಾ?”

ಅರುಣಾ ನನ್ನ ಮುಖವನ್ನೇ ನೋಡುತ್ತಿದ್ದಳು. ಇಷ್ಟು ದಿನ ಮೇಘಾಳಿಗೆ ಅಪ್ಪನ ತಾಯಿ ಎನಿಸಿಕೊಂಡಿದ್ದ ಕಸ್ತೂರಮ್ಮ ಐದು ವರ್ಷದಲ್ಲಿ ಮೊದಲ ಸಲ ನಿಜ ಬರೆದಿದ್ದಳು.